ಬೇಬಾಕಿ: ಉತ್ತರಮೇರೂರಿನ ಗೋಡೆಯ ಮುಂದೆ ಅಪ್ಪ

ಈ ಸಲದ ಇ-ಸ್ಮರಣ ಸಂಚಿಕೆಗೆ ಇತಿಹಾಸದ ಬಗ್ಗೆ ಏನಾದರೂ ಬರೆದುಕೊಡು ಎಂದು ನಮ್ಮ ವೇದಿಕೆಯ ಹಿರಿಯರು ಕೇಳಿದಾಗ, ನಾನು ಓದಿದ್ದು ಎಂ.ಟೆಕ್., ಮಾಡುವುದು ಸಾಫ್ಟ್‌ವೇರ್ ಕೆಲಸ, ಇತಿಹಾಸ ನನಗೇನು ಗೊತ್ತು ಎಂದು ತಪ್ಪಿಸಿಕೊಳ್ಳಲು ನೋಡಿದೆ. ಆಮೇಲೆ ಕಳೆದ ಸಂಕ್ರಾಂತಿಯ ರಜೆಯಲ್ಲಿ ನೋಡಿಬಂದ ಒಂದು ಗೋಡೆ ನೆನಪಾಯಿತು. ಆ ಗೋಡೆಯ ಮುಂದೆ ಸುಮ್ಮನೆ ನಿಂತುಬಿಟ್ಟ ನನ್ನ ಅಪ್ಪನೂ ನೆನಪಾದರು. ಅದನ್ನೇ ಬರೆಯುತ್ತಿದ್ದೇನೆ.

ಚೆನ್ನೈನಿಂದ ಸುಮಾರು 90 ಕಿ.ಮೀ. ದೂರದಲ್ಲಿ, ಕಾಂಚೀಪುರಂ ಜಿಲ್ಲೆಯಲ್ಲಿ ಉತ್ತರಮೇರೂರು ಎಂಬ ಊರಿದೆ. ಅಲ್ಲಿಯ ವೈಕುಂಠ ಪೆರುಮಾಳ್ ದೇವಸ್ಥಾನದ ಕಲ್ಲುಗೋಡೆಯ ತುಂಬ ಶಾಸನಗಳು. ಅವುಗಳಲ್ಲಿ ಎರಡು ಬಹಳ ಪ್ರಸಿದ್ಧ. ಚೋಳರ ಒಂದನೇ ಪರಾಂತಕನ ಆಳ್ವಿಕೆಯ 12ನೇ ಮತ್ತು 14ನೇ ವರ್ಷದವು, ಅಂದರೆ ಕ್ರಿ.ಶ. 919 ಮತ್ತು 921ರವು. ಊರಿನ ಆಡಳಿತ ನೋಡಿಕೊಳ್ಳುವ ಸಮಿತಿಗಳಿಗೆ ಜನರನ್ನು ಹೇಗೆ ಆರಿಸಬೇಕು ಎಂಬ ನಿಯಮಾವಳಿ ಅದರಲ್ಲಿದೆ. ರಾಜನ ಆಜ್ಞೆಯಂತೆ, ಅವನ ಅಧಿಕಾರಿಯೊಬ್ಬನ ಸಮ್ಮುಖದಲ್ಲಿ ಊರ ಮಹಾಸಭೆ ಮಾಡಿಕೊಂಡ ನಿರ್ಣಯ ಅದು. ಸಾವಿರ ವರ್ಷದ ಹಿಂದಿನ ಚುನಾವಣೆ ಎಂದು ಶಾಲೆಯ ಪುಸ್ತಕಗಳಲ್ಲಿ ನಾವೆಲ್ಲ ಒಂದು ಸಾಲು ಓದಿರುತ್ತೇವೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಚುನಾವಣೆಯಲ್ಲ, ಅದರೊಳಗಿನ ಲೆಕ್ಕದ ಮಾತು.

ಅದನ್ನು ಹೇಳುವ ಮೊದಲು ಅಪ್ಪನ ಕಥೆ ಹೇಳಬೇಕು.

ಅಪ್ಪ ತುಮಕೂರು ಜಿಲ್ಲೆಯ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಮುಖ್ಯೋಪಾಧ್ಯಾಯರಾಗಿದ್ದರು. ನಿವೃತ್ತಿಗೆ ಕೆಲವು ವರ್ಷ ಮುಂಚೆ ಶಾಲೆಗೆ ಎರಡು ಕೊಠಡಿ ಕಟ್ಟಿಸಲು ಸರ್ಕಾರದ ಅನುದಾನ ಬಂತು. ದುಡ್ಡು ಅಪ್ಪ ಮತ್ತು ಎಸ್‌ಡಿಎಂಸಿ ಅಧ್ಯಕ್ಷರ ಜಂಟಿ ಖಾತೆಗೆ ಬರುತ್ತಿತ್ತು. ಪಾಠ ಮಾಡುತ್ತಿದ್ದ ಮೇಷ್ಟ್ರು ಏಕಾಏಕಿ ಮರಳು, ಜಲ್ಲಿ, ಸಿಮೆಂಟು, ಕಬ್ಬಿಣದ ಲೆಕ್ಕಕ್ಕೆ ಬಿದ್ದರು. ಶನಿವಾರ ಶನಿವಾರ ಗಾರೆ ಕೆಲಸದವರಿಗೆ ಬಟವಾಡೆ. ಮರಳಿನ ಟ್ರ್ಯಾಕ್ಟರಿನವನು ರಸೀತಿ ಎಂದರೆ ನಗುತ್ತಿದ್ದ. ಒಂದು ಚೀಟಿಯ ಮೇಲೆ ಅವನ ಹೆಬ್ಬೆಟ್ಟು ಒತ್ತಿಸಿಕೊಂಡು ಅಪ್ಪ ಅದನ್ನೇ ಫೈಲಿಗೆ ಹಾಕುತ್ತಿದ್ದರು. ಕೊಠಡಿಗಳು ಎದ್ದವು. ಇವತ್ತಿಗೂ ಗಟ್ಟಿಯಾಗಿವೆ, ಹೋದ ವರ್ಷವೂ ನೋಡಿ ಬಂದಿದ್ದೇನೆ. ಆದರೆ ಒಂದು ಮಳೆಗಾಲದಲ್ಲಿ ಹಳೆಯ ಆಫೀಸು ಕೋಣೆ ಸೋರಿ, ಬೀರುವಿನ ಕೆಳಗಿನ ಅರೆಯಲ್ಲಿದ್ದ ಚೀಟಿಗಳೆಲ್ಲ ಮುದ್ದೆಯಾದವು.

2007ರಲ್ಲಿ ಅಪ್ಪ ನಿವೃತ್ತರಾದರು. ಆಗ ಹಳೆಯ ಲೆಕ್ಕಗಳ ಆಡಿಟ್ ಬಂತು. 41,600 ರೂಪಾಯಿಗೆ ವೋಚರ್ ಇಲ್ಲ ಎಂದು ಆಕ್ಷೇಪಣೆ ಬರೆದರು. ಬೇಬಾಕಿ ಪತ್ರ ಸಿಗದೆ ಪಿಂಚಣಿಯ ಕಡತ ಮುಂದೆ ಹೋಗಲಿಲ್ಲ. ಅಪ್ಪ ಕಚೇರಿಯಿಂದ ಕಚೇರಿಗೆ ಅಲೆದದ್ದು ಎರಡೂವರೆ ವರ್ಷ. ನಾನು ಆಗ ಎಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದೆ. ಫೀಸಿಗೆ ಅಮ್ಮನ ಬಳೆ ಅಡವಿಗೆ ಹೋಯಿತು. ಕೊನೆಗೆ ಆ ಮೊತ್ತವನ್ನು ಗ್ರ್ಯಾಚುಟಿಯಲ್ಲಿ ಹಿಡಿದುಕೊಂಡು ಬೇಬಾಕಿ ಕೊಟ್ಟರು. ದುಡ್ಡು ಹೋದದ್ದು ಅಪ್ಪನಿಗೆ ದೊಡ್ಡದಾಗಿರಲಿಲ್ಲ. “ಮೇಷ್ಟ್ರು ಕಟ್ಟಡದ ದುಡ್ಡು ತಿಂದ್ರಂತೆ” ಎಂಬ ಮಾತು ಸಂತೆಯಲ್ಲಿ ಕಿವಿಗೆ ಬಿತ್ತಲ್ಲ, ಅದು ದೊಡ್ಡದು. ಅಲ್ಲಿಂದ ಮುಂದೆ ಅಪ್ಪ ಆ ಊರಿನ ಸಂತೆಗೆ ಹೋಗುವುದನ್ನೇ ಬಿಟ್ಟರು.

ಅಂದಿನಿಂದ ‘ಆಡಿಟ್’ ಎಂಬ ಪದ ಕೇಳಿದರೆ ನನಗೆ ಸಿಟ್ಟು. ಆ ಸಿಟ್ಟನ್ನು ಇಟ್ಟುಕೊಂಡೇ ನಾನು ಉತ್ತರಮೇರೂರಿಗೆ ಹೋಗಿದ್ದೆ.

ಅಲ್ಲಿಯ ಪದ್ಧತಿಯ ಹೆಸರು ‘ಕುಡವೋಲೈ’. ತಮಿಳು ಬಾರದಿದ್ದರೂ ನಮಗಿದು ಅರ್ಥವಾಗುತ್ತದೆ: ಕೊಡ ಮತ್ತು ಓಲೆ. ಊರಿನಲ್ಲಿ 30 ಕೇರಿಗಳು. ಪ್ರತಿ ಕೇರಿಯಿಂದ ಅರ್ಹರ ಹೆಸರುಗಳನ್ನು ಓಲೆಗರಿಯ ಚೂರುಗಳ ಮೇಲೆ ಬರೆದು, ಕೇರಿವಾರು ಕಟ್ಟು ಕಟ್ಟಿ ಕೊಡದೊಳಗೆ ಹಾಕುತ್ತಿದ್ದರು. ಹಿರಿಯರು ಕಿರಿಯರೆನ್ನದೆ ಮಹಾಸಭೆ ಸೇರಬೇಕು. ಊರಿನಲ್ಲಿದ್ದ ಅರ್ಚಕರೆಲ್ಲ ಬಂದು ಕೂರಬೇಕು. ಅವರಲ್ಲಿ ಎಲ್ಲರಿಗಿಂತ ವಯಸ್ಸಾದವರು ಎದ್ದು, ಎಲ್ಲರಿಗೂ ಕಾಣುವಂತೆ ಕೊಡವನ್ನು ಎತ್ತಿ ಹಿಡಿಯಬೇಕು. ಒಳಗೇನಿದೆ ಎಂದು ಅರಿಯದ ಪುಟ್ಟ ಹುಡುಗನೊಬ್ಬ ಒಂದು ಕಟ್ಟು ತೆಗೆಯಬೇಕು. ಅದನ್ನು ಬಿಚ್ಚಿ ಇನ್ನೊಂದು ಖಾಲಿ ಕೊಡಕ್ಕೆ ಹಾಕಿ ಕುಲುಕಿ, ಅದರಿಂದ ಒಂದು ಓಲೆ ತೆಗೆಯಬೇಕು. ಆ ಓಲೆಯನ್ನು ಮಧ್ಯಸ್ಥ ತೆಗೆದುಕೊಳ್ಳುವಾಗ ಐದೂ ಬೆರಳು ಬಿಡಿಸಿ ಅಂಗೈ ಚಾಚಿರಬೇಕು. ಅವನು ಓದಿದ ಮೇಲೆ ಅಲ್ಲಿದ್ದ ಅರ್ಚಕರೆಲ್ಲರೂ ಆ ಓಲೆಯನ್ನು ಓದಬೇಕು.

ಆ ಐದು ಬೆರಳಿನ ಮಾತು ನೋಡಿ ನನಗೆ ನಗು ಬಂತು. ಮುಷ್ಟಿಯೊಳಗೆ ಇನ್ನೊಂದು ಓಲೆ ಬಚ್ಚಿಟ್ಟುಕೊಂಡು ಬದಲಾಯಿಸಿದವನು ಯಾರೋ ಒಬ್ಬ ಆ ಊರಿನಲ್ಲಿ ಇದ್ದಿರಲೇಬೇಕು! ನಮ್ಮ ಕೆಲಸದಲ್ಲೂ ಹಾಗೆಯೇ. ಸಿಸ್ಟಂನಲ್ಲಿರುವ ಒಂದೊಂದು ವಿಚಿತ್ರ ನಿಯಮದ ಹಿಂದೆಯೂ ಹಿಂದೆ ಯಾರೋ ಮಾಡಿದ ಒಂದು ಎಡವಟ್ಟು ಇರುತ್ತದೆ.

ಹೀಗೆ ಆರಿಸಿದವರಿಂದ ‘ವಾರಿಯಂ’ ಎಂಬ ಸಮಿತಿಗಳಾಗುತ್ತಿದ್ದವು. 12 ಜನರ ಸಂವತ್ಸರ ವಾರಿಯಂ, 12 ಜನರ ತೋಟದ ವಾರಿಯಂ, 6 ಜನರ ಏರಿ ವಾರಿಯಂ. ತಮಿಳಿನಲ್ಲಿ ಏರಿ ಎಂದರೆ ಕೆರೆ, ನಾವು ಕೆರೆಯ ದಂಡೆಗೆ ಏರಿ ಎನ್ನುತ್ತೇವೆ. ಇನ್ನೊಂದು ಪೊನ್ ವಾರಿಯಂ, ನಮ್ಮ ಹಳಗನ್ನಡದ ಪೊನ್ನೇ ಅದು, ಹೊನ್ನು. ಊರಿನ ದೊಡ್ಡ ಕೆರೆಯ ಹೆಸರು ವೈರಮೇಘ ತಟಾಕ. ಅದರ ಹೂಳೆತ್ತಿಸಲು ದತ್ತಿ ಬಿಟ್ಟ ಶಾಸನವೂ ಇದೇ ಊರಿನಲ್ಲಿದೆ. ಅಂದರೆ ಈ ಸಮಿತಿಗಳ ಕೈಯಲ್ಲಿ ನಿಜವಾದ ದುಡ್ಡು ಓಡಾಡುತ್ತಿತ್ತು. ಅವಧಿ 360 ದಿನ. ನಡುವೆ ತಪ್ಪು ಮಾಡಿ ಸಿಕ್ಕಿಬಿದ್ದರೆ ಆಗಲೇ ಮನೆಗೆ.

ಈಗ ಲೆಕ್ಕದ ಮಾತಿಗೆ ಬರುತ್ತೇನೆ. ಯಾರ ಹೆಸರನ್ನು ಓಲೆಯ ಮೇಲೆ ಬರೆಯಬಾರದು ಎಂಬ ಪಟ್ಟಿಯನ್ನು ಆರಂಭಿಸುವವನು ಕಳ್ಳನಲ್ಲ. ಯಾವುದಾದರೂ ವಾರಿಯದಲ್ಲಿದ್ದು ಲೆಕ್ಕ ಒಪ್ಪಿಸದೆ ಹೋದವನು! ಪರರ ಸ್ವತ್ತು ಕದ್ದವನು, ಸುಳ್ಳು ಪತ್ರ ಬರೆದವನು ಆಮೇಲೆ ಬೇರೆಯಾಗಿ ಬರುತ್ತಾರೆ. ಅಂದರೆ ಅವನು ಕದ್ದ ಎಂದು ಯಾರೂ ಸಾಬೀತು ಮಾಡಬೇಕಾಗಿಲ್ಲ. ಊರಿನ ದುಡ್ಡು ಕೈಗೆ ಬಂದಿತ್ತು, ಲೆಕ್ಕ ಕೊಡಲಿಲ್ಲ, ಅಷ್ಟು ಸಾಕು. ಇದೇ ತರ್ಕ ಇಂದಿನ ಕಾನೂನಿನಲ್ಲೂ ಒಂದು ಕಡೆ ಉಳಿದಿದೆ. ಚುನಾವಣೆಯ ವೆಚ್ಚದ ಲೆಕ್ಕ ಸಲ್ಲಿಸದ ಅಭ್ಯರ್ಥಿಯನ್ನು, ಸರಿಯಾದ ಕಾರಣ ಕೊಡದಿದ್ದರೆ, ಚುನಾವಣಾ ಆಯೋಗ ಮೂರು ವರ್ಷ ಅನರ್ಹಗೊಳಿಸಬಹುದು.

ಉತ್ತರಮೇರೂರು ಅಲ್ಲಿಗೇ ಬಿಡಲಿಲ್ಲ. ಲೆಕ್ಕ ಕೊಡದವನ ಜೊತೆ ಅವನ ನಂಟರೂ ಹೊರಗೆ. ತಾಯಿಯ ಅಕ್ಕತಂಗಿಯರ ಮಕ್ಕಳು, ಸೋದರತ್ತೆ ಮತ್ತು ಸೋದರಮಾವನ ಮಕ್ಕಳು, ತಾಯಿಯ ಅಣ್ಣತಮ್ಮಂದಿರು, ತಂದೆಯ ಅಣ್ಣತಮ್ಮಂದಿರು, ಸ್ವಂತ ಅಣ್ಣತಮ್ಮಂದಿರು, ಹೆಣ್ಣು ಕೊಟ್ಟ ಮಾವ, ಹೆಂಡತಿಯ ಅಣ್ಣತಮ್ಮಂದಿರು, ಅಕ್ಕತಂಗಿಯರ ಗಂಡಂದಿರು, ಅವರ ಗಂಡುಮಕ್ಕಳು, ಅಳಿಯ, ತಂದೆ, ಮಗ. ಮದುವೆಯ ಕರೆಯೋಲೆ ಹಂಚಲು ಕೂತಾಗ ಅಮ್ಮ ಬರೆಸುವ ಪಟ್ಟಿಯ ಹಾಗೇ ಇದೆ. ಇಂದಿನ ನ್ಯಾಯದ ಕಣ್ಣಿಗೆ ಇದು ಅತಿಯಾಯಿತು, ಒಪ್ಪಲಾಗದು. ಆದರೆ ಅದನ್ನು ಬರೆಸಿದವರಿಗೆ ಊರಿನ ಸಂಗತಿ ಚೆನ್ನಾಗಿ ಗೊತ್ತಿತ್ತು. ತಾನು ನಿಲ್ಲಲಾಗದಿದ್ದರೆ ಭಾವಮೈದುನನನ್ನು ನಿಲ್ಲಿಸುವ ಉಪಾಯ ಇವತ್ತಿನದಲ್ಲ.

ಇನ್ನೊಂದು ಸಂಗತಿ ಗಮನಿಸಿ, ಗೆಳತಿಯರೇ. ಈ ಪಟ್ಟಿಯ ಅರ್ಧ ನಂಟು ಹೆಂಗಸರ ಮೂಲಕವೇ ಹೋಗುತ್ತದೆ: ತಾಯಿಯ ಕಡೆ, ಹೆಂಡತಿಯ ಕಡೆ, ಅಕ್ಕತಂಗಿಯರ ಕಡೆ. ಆದರೆ ಹೆಂಡತಿ ಇಲ್ಲ, ಮಗಳು ಇಲ್ಲ. ದಯೆಯಿಂದ ಬಿಟ್ಟದ್ದಲ್ಲ, ಹೆಂಗಸರ ಹೆಸರು ಓಲೆಯ ಮೇಲೆ ಬರುವ ಪ್ರಶ್ನೆಯೇ ಇರಲಿಲ್ಲ. ಹೆಸರು ಬರೆಸಬೇಕಾದರೆ ತೆರಿಗೆ ಕಟ್ಟುವ ಸ್ವಂತ ಭೂಮಿ ಬೇಕು, ಸ್ವಂತ ನಿವೇಶನದಲ್ಲಿ ಮನೆ ಬೇಕು, ವೇದದ ಓದು ಬೇಕು, ವಯಸ್ಸು 35 ದಾಟಿ 70ರೊಳಗಿರಬೇಕು. ಅದು ಬ್ರಾಹ್ಮಣರ ಅಗ್ರಹಾರದ ಸಭೆ. ಕೆರೆಯ ಹೂಳು ಹೊತ್ತವರಿಗೆ ಕೆರೆಯ ಲೆಕ್ಕ ಕೇಳುವ ಹಕ್ಕಿರಲಿಲ್ಲ. ಉತ್ತರಮೇರೂರನ್ನು ಹೊಗಳುವಾಗ ಇದನ್ನು ಮರೆಯಬಾರದು.

ಲೆಕ್ಕ ಬರೆಯುವ ಕರಣಿಕನಿಗೂ ಅಲ್ಲಿ ಒಂದು ನಿಯಮವಿದೆ. ನ್ಯಾಯವಾಗಿ ಸಂಪಾದಿಸಿದವನೇ ಲೆಕ್ಕ ಬರೆಯಬೇಕು. ತಾನು ಬರೆದ ಲೆಕ್ಕವನ್ನು ತಾನೇ ದೊಡ್ಡ ಸಮಿತಿಯ ಮುಂದೆ ಒಪ್ಪಿಸಿ, ‘ಶುದ್ಧ’ ಎನಿಸಿಕೊಳ್ಳಬೇಕು. ಅವನ ಲೆಕ್ಕವನ್ನು ಮುಗಿಸಿಕೊಡಲು ಬೇರೊಬ್ಬ ಬರುವಂತಿಲ್ಲ.

ಇದನ್ನು ನಾನು ಅಪ್ಪನಿಗೆ ಓದಿ ಹೇಳುತ್ತಿದ್ದೆ. ಊರುಗೋಲು ಊರಿಕೊಂಡು ಗೋಡೆ ನೋಡುತ್ತಿದ್ದ ಅಪ್ಪ ತಿರುಗಿ, “ಇನ್ನೊಂದ್ಸಲ ಓದು ಪುಟ್ಟಿ” ಎಂದರು. ಓದಿದೆ. “ವರ್ಷ ಮುಗೀತಿದ್ದ ಹಾಗೇ ಕೇಳ್ತಿದ್ರು ಅನ್ನು” ಎಂದರು. ಮತ್ತೆ ಮಾತಾಡಲಿಲ್ಲ.

ನನಗೆ ಹೊಳೆಯದಿದ್ದುದು ಅಪ್ಪನಿಗೆ ಹೊಳೆದಿತ್ತು. ಲೆಕ್ಕ ಕೇಳಿದ್ದು ತಪ್ಪಲ್ಲ. ಕೇಳಬೇಕಾದಾಗ ಕೇಳದೆ, ಕೇಳಬೇಕಾದವರ ಎದುರು ಕೇಳದೆ, ವರ್ಷಗಳ ಮೇಲೆ ಬರೀ ಕಾಗದವನ್ನು ಕೇಳಿದ್ದು ತಪ್ಪು.

ಮನೆಗೆ ಬಂದ ಮೇಲೆ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಈ ವಿಷಯವೇನಿದೆ ಎಂದು ಹುಡುಕಿದೆ. ಈ ಗ್ರಂಥಕ್ಕೂ ನಮಗೂ ಒಂದು ನಂಟಿದೆ. ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ತಂದುಕೊಟ್ಟ ಓಲೆಗರಿಯ ಪ್ರತಿಯನ್ನು ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿದವರು ಆರ್. ಶಾಮಶಾಸ್ತ್ರಿಗಳು. ಅಲ್ಲಿಯವರೆಗೆ ಆ ಗ್ರಂಥ ಪೂರ್ತಿಯಾಗಿ ಕಳೆದೇಹೋಗಿದೆ ಎಂದೇ ವಿದ್ವಾಂಸರು ತಿಳಿದಿದ್ದರು.

ಕೌಟಿಲ್ಯನ ಲೆಕ್ಕದ ವರ್ಷ ಮುಗಿಯುವುದು ಆಷಾಢದಲ್ಲಿ. ಹೊಸ ಸೊಸೆಯರು ತವರಿಗೆ ಹೋಗುವ ಆ ತಿಂಗಳಲ್ಲಿ ಲೆಕ್ಕಿಗರೆಲ್ಲ ಮುದ್ರೆ ಹಾಕಿದ ಲೆಕ್ಕಪತ್ರ ಮತ್ತು ಉಳಿದ ಹಣ ಹಿಡಿದು ರಾಜಧಾನಿಗೆ ಬರಬೇಕು. ಬಂದವರು ಒಬ್ಬರೊಡನೊಬ್ಬರು ಮಾತಾಡದಂತೆ ಕೂರಿಸಬೇಕು. ಇಲ್ಲದಿದ್ದರೆ ಲೆಕ್ಕ ‘ಹೊಂದಿಸಿ’ಕೊಳ್ಳುತ್ತಾರಲ್ಲ! ಸರ್ಕಾರದ ದುಡ್ಡು ತಿನ್ನುವ ನಲವತ್ತು ಬಗೆಗಳನ್ನು ಅವನು ಎಣಿಸಿ ಹೇಳುತ್ತಾನೆ. ಕಳವನ್ನು ತೋರಿಸಿಕೊಟ್ಟವನಿಗೆ ಆರನೇ ಒಂದು ಪಾಲು ಬಹುಮಾನ. ಇದಕ್ಕಿಂತ ನನಗೆ ಹಿಡಿಸಿದ್ದು ಇನ್ನೊಂದು. ಒಬ್ಬ ಅಧಿಕಾರಿಯ ಮೇಲೆ ವಿಚಾರಣೆ ನಡೆದರೆ ಅವನು ಕೆಲಸ ಮಾಡಿದ ಪ್ರದೇಶದಲ್ಲೇ ಡಂಗುರ ಸಾರಿಸಬೇಕು: ಇವನಿಂದ ಯಾರಿಗೆ ಅನ್ಯಾಯವಾಗಿದೆಯೋ ಅವರು ಬಂದು ಹೇಳಲಿ ಎಂದು. ಕಾಗದದ ಮಾತು ಸಾಲದು, ಊರಿನ ಮಾತೂ ಬೇಕು ಎಂದು ಆ ಗಟ್ಟಿ ಮನುಷ್ಯನಿಗೂ ಅನಿಸಿತ್ತು.

ಆದರೆ ಕೌಟಿಲ್ಯನಲ್ಲಿ ಲೆಕ್ಕ ಕೇಳುವವನು ರಾಜ. ಉತ್ತರಮೇರೂರಿನಲ್ಲಿ ಕೇಳುವವರು ಭೂಮಿಯಿದ್ದ ಗಂಡಸರು. ಕಲ್ಲು ಮಣ್ಣು ಹೊತ್ತವರು, ಅವರಲ್ಲೂ ಹೆಂಗಸರು, ಎದ್ದು ನಿಂತು ಲೆಕ್ಕ ಕೇಳಲು ಇನ್ನೂ ಬಹಳ ಕಾಲ ಬೇಕಾಯಿತು. ಅದು ನಡೆದದ್ದು ರಾಜಸ್ಥಾನದಲ್ಲಿ, ನಾನು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ.

ಅಲ್ಲಿ ಬರಗಾಲದ ಪರಿಹಾರ ಕಾಮಗಾರಿಗಳಲ್ಲಿ ಜನರಿಗೆ ಸಿಗುತ್ತಿದ್ದದ್ದು ಕನಿಷ್ಠ ಕೂಲಿಗಿಂತ ಕಡಿಮೆ. ಅಜ್ಮೇರ್ ಜಿಲ್ಲೆಯ ಹರ್ಮಾಡಾ ಗ್ರಾಮದ ನೌರತಿ ಬಾಯಿ 1980ರ ದಶಕದ ಆರಂಭದಲ್ಲಿ ಅಂಥದೊಂದು ರಸ್ತೆ ಕೆಲಸದಲ್ಲಿ ಕಲ್ಲು ಒಡೆಯುತ್ತಿದ್ದ ದಲಿತ ಹೆಣ್ಣುಮಗಳು. ಕೂಲಿಯ ಅನ್ಯಾಯದ ವಿರುದ್ಧ ಅವರು ಜೊತೆಗಾರರನ್ನು ಸೇರಿಸಿ ನಿಂತರು. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. ಪರಿಹಾರ ಕಾಮಗಾರಿಯಾದರೂ ಕನಿಷ್ಠ ಕೂಲಿ ಕೊಡಲೇಬೇಕು ಎಂದು 1983ರಲ್ಲಿ ತೀರ್ಪು ಬಂತು. ಆಮೇಲೆ ಅವರು ಅಕ್ಷರ ಕಲಿತರು, ನಡುವಯಸ್ಸು ದಾಟಿದ ಮೇಲೆ ಕಂಪ್ಯೂಟರ್ ಕಲಿತು ಇತರ ಹೆಂಗಸರಿಗೂ ಕಲಿಸಿದರು, 2010ರಲ್ಲಿ ತಮ್ಮದೇ ಊರಿನ ಸರಪಂಚರಾದರು. ನನ್ನ ವೃತ್ತಿಯಲ್ಲಿ ನಾನು ಹೆಮ್ಮೆ ಪಡುವ ಹೆಂಗಸರ ಪಟ್ಟಿಯಲ್ಲಿ ಅವರ ಹೆಸರು ಮೇಲಿದೆ.

1990ರ ಮೇ 1ರಂದು ಅದೇ ರಾಜಸ್ಥಾನದಲ್ಲಿ ಅರುಣಾ ರಾಯ್, ನಿಖಿಲ್ ಡೇ, ಶಂಕರ್ ಸಿಂಗ್ ಮತ್ತು ಹಳ್ಳಿಯ ಕೂಲಿಗಾರರು ಸೇರಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ ಕಟ್ಟಿದರು. ಕೂಲಿ ಏಕೆ ಕಡಿಮೆ ಎಂದು ಕೇಳಿದರೆ, ನೀವು ಕೆಲಸ ಮಾಡಿದ್ದೇ ಅಷ್ಟು, ದಾಖಲೆಯಲ್ಲಿದೆ ಎಂಬ ಉತ್ತರ ಬರುತ್ತಿತ್ತು. ಹಾಗಾದರೆ ದಾಖಲೆ ತೋರಿಸಿ ಎಂದರು. ಮಾಹಿತಿ ಹಕ್ಕಿನ ಹೋರಾಟ ಮೊಳೆತದ್ದು ಈ ಒಂದು ಮಾತಿನಿಂದ. 1994ರ ಡಿಸೆಂಬರ್ 2ರಂದು ಕೋಟ್ ಕಿರಾನಾ ಎಂಬಲ್ಲಿ ಮೊದಲ ‘ಜನ್ ಸುನ್ವಾಯಿ’, ಅಂದರೆ ಜನರ ಮುಂದಿನ ವಿಚಾರಣೆ ನಡೆಯಿತು. ಹಾಜರಿ ಪಟ್ಟಿಯನ್ನೂ ಬಿಲ್ಲುಗಳನ್ನೂ ಊರ ಮುಂದೆ ಗಟ್ಟಿಯಾಗಿ ಓದುವುದು. ಹೆಸರಿದ್ದವರು ಎದ್ದು ನಿಂತು, ನಾನು ಕೆಲಸ ಮಾಡಿದ್ದೇನೆ, ಮಾಡಿಲ್ಲ, ಇಷ್ಟು ಸಿಕ್ಕಿತು ಎಂದು ಹೇಳುವುದು. ಇಂಥ ಸಭೆಗಳಲ್ಲಿ ಸತ್ತವರ ಹೆಸರಿನಲ್ಲಿ, ಊರು ಬಿಟ್ಟು ಹೋದವರ ಹೆಸರಿನಲ್ಲಿ ಕೂಲಿ ಬರೆದದ್ದು ಹೊರಬಿತ್ತು. ಹೆಂಗಸರು ಸೆರಗಿನ ಮರೆಯಿಂದಲೇ ಮೈಕಿನ ಮುಂದೆ ಮಾತಾಡಿದರು. 1996ರ ಏಪ್ರಿಲ್ 6ರಿಂದ ಬ್ಯಾವರ್ ಪಟ್ಟಣದಲ್ಲಿ 40 ದಿನ ಧರಣಿ ನಡೆಯಿತು. ನಮ್ಮ ದುಡ್ಡು, ನಮ್ಮ ಲೆಕ್ಕ ಎಂಬುದು ಅವರ ಘೋಷಣೆಯ ತಿರುಳು. 2005ರ ಅಕ್ಟೋಬರ್ 12ರಂದು ದೇಶಕ್ಕೆಲ್ಲ ಮಾಹಿತಿ ಹಕ್ಕು ಕಾಯ್ದೆ ಜಾರಿಗೆ ಬಂತು. ಅದೇ ವರ್ಷದ ಉದ್ಯೋಗ ಖಾತರಿ ಕಾಯ್ದೆಯ 17ನೇ ಕಲಂ ಕಾಮಗಾರಿಗಳ ಸಾಮಾಜಿಕ ಲೆಕ್ಕಪರಿಶೋಧನೆಯನ್ನು ಗ್ರಾಮಸಭೆಯ ಕೆಲಸವಾಗಿಸಿತು. ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲೂ ವರ್ಷಕ್ಕೊಮ್ಮೆ ಜಮಾಬಂದಿ ನಡೆಯುತ್ತದೆ. ಊರಿಗೆ ಹೋದಾಗ ನಾವು ಎಷ್ಟು ಜನ ಅದಕ್ಕೆ ಹೋಗಿ ಕೂತಿದ್ದೇವೆ?

ಜನ್ ಸುನ್ವಾಯಿಯ ಬಗ್ಗೆ ಓದುತ್ತಿದ್ದಾಗ ನನ್ನ ಕಣ್ಣಿಗೆ ಕಟ್ಟಿದ್ದು ನಮ್ಮ ಊರಿನ ಶಾಲೆಯ ಅಂಗಳ. ಕೊಠಡಿ ಮುಗಿದ ತಿಂಗಳಲ್ಲೇ ಅಲ್ಲಿ ಜನ ಸೇರಿಸಿ ಲೆಕ್ಕ ಓದಿದ್ದರೆ? ಗಾರೆಯವನು ಎದ್ದು, ಹೌದು, ಶನಿವಾರ ಶನಿವಾರ ನನಗೆ ಮುಟ್ಟಿದೆ ಎನ್ನುತ್ತಿದ್ದ. ಟ್ರ್ಯಾಕ್ಟರಿನವನು ಎಷ್ಟು ಲೋಡು ಹಾಕಿದೆ ಎಂದು ಹೇಳುತ್ತಿದ್ದ. ಈ ಮಾತು ಎತ್ತಿದಾಗ ಅಡುಗೆಮನೆಯಿಂದ ಅಮ್ಮ, “ಮೋಲ್ಡಿಂಗ್ ದಿನ ದುಡ್ಡು ಸಾಲದೆ ನನ್ನ ಹತ್ರ ಎಂಟುನೂರು ಇಸ್ಕೊಂಡು ಹೋದ್ರಲ್ಲ ಇವ್ರು, ಅದೇ ಇನ್ನೂ ವಾಪಸ್ ಬಂದಿಲ್ಲ” ಎಂದರು. ಇಷ್ಟು ವರ್ಷ ಅಮ್ಮನ ಹತ್ತಿರ ಈ ಲೆಕ್ಕವನ್ನು ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ದುಡ್ಡು ತಿಂದವನ ಕಾಗದಗಳು ಸಾಮಾನ್ಯವಾಗಿ ಅಚ್ಚುಕಟ್ಟಾಗಿಯೇ ಇರುತ್ತವೆ, ಅದಕ್ಕಾಗಿಯೇ ಅವನು ಶ್ರಮಪಟ್ಟಿರುತ್ತಾನೆ. ಕೊಠಡಿ ಕಟ್ಟುವುದರಲ್ಲಿ ಮುಳುಗಿದ ಮೇಷ್ಟ್ರ ಚೀಟಿಗಳು ಮಳೆಗೆ ನೆನೆಯುತ್ತವೆ. ಕಾಗದವನ್ನಷ್ಟೇ ನೋಡುವ, ಅದೂ ತಡವಾಗಿ ನೋಡುವ ಲೆಕ್ಕಪರಿಶೋಧನೆ ಇಬ್ಬರನ್ನೂ ಅದಲುಬದಲು ಮಾಡಿಬಿಡಬಹುದು. ಹೊತ್ತಿಗೆ ಸರಿಯಾಗಿ, ಕಂಡವರ ಮುಂದೆ ನಡೆದರೆ ಅದೇ ಲೆಕ್ಕ ಕಳ್ಳನನ್ನು ಹಿಡಿಯುತ್ತದೆ, ಪ್ರಾಮಾಣಿಕನನ್ನು ಬಿಡುಗಡೆ ಮಾಡುತ್ತದೆ. ಹಾಗಾಗಿ ಲೆಕ್ಕ ಕೇಳುವುದನ್ನು ಅನುಮಾನವೆಂದು ತಿಳಿಯುವುದನ್ನು ನಾನು ಈಗ ಬಿಟ್ಟಿದ್ದೇನೆ. ಒಳ್ಳೆಯವರ ಹತ್ತಿರ ಲೆಕ್ಕ ಕೇಳಬಾರದು ಎಂಬ ನಮ್ಮ ಸಂಕೋಚವೇ ಒಳ್ಳೆಯವರಿಗೆ ಮಾಡುವ ದೊಡ್ಡ ಅನ್ಯಾಯ.

ಹೊರನಾಡಿನ ಕನ್ನಡ ಸಂಘಗಳಿಗೂ ಒಮ್ಮೊಮ್ಮೆ ಕರ್ನಾಟಕ ಸರ್ಕಾರದ ಅನುದಾನ ಬರುತ್ತದೆ. ಅದು ಯಾರದೋ ದುಡ್ಡಲ್ಲ, ಆ ಗಾರೆಯವನ ಬೆಂಕಿಪೊಟ್ಟಣದ ಮೇಲಿನ ತೆರಿಗೆಯೂ ಅದರಲ್ಲಿದೆ. ಈ ವರ್ಷ ನಮ್ಮ ವೇದಿಕೆಯ ಲೆಕ್ಕ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ರಾಜ್ಯೋತ್ಸವದ ಖರ್ಚಿನ ಹಾಳೆಯನ್ನು ಚೀಟಿಗಳ ಸಮೇತ ಎಲ್ಲ ಸದಸ್ಯೆಯರಿಗೂ ಕಳಿಸುವ ಮೊದಲು ಅಪ್ಪನಿಗೆ ವಾಟ್ಸಾಪಿನಲ್ಲಿ ಕಳಿಸಿದ್ದೆ. ಎರಡು ದಿನ ಉತ್ತರವಿಲ್ಲ. ಮೂರನೇ ದಿನ ಬೆಳಿಗ್ಗೆ ಫೋನು.

“ಹೂವಿನ ಅಂಗಡಿಯಿಂದ ಆಟೋ, 180 ರೂಪಾಯಿ ಅಂತ ಬರೆದಿದ್ದೀಯ. ಚೀಟಿ ಎಲ್ಲಿ?”

“ಆಟೋದವ್ರು ಚೀಟಿ ಎಲ್ಲಿ ಕೊಡ್ತಾರಪ್ಪ?”

“ಜೊತೇಲಿ ಯಾರಿದ್ರು?”

ಹೇಳಿದೆ.

“ಹಾಗಾದ್ರೆ ಅವರ ಕೈಲಿ ಒಂದು ಸಹಿ ಹಾಕಿಸ್ಕೋ. ಇವತ್ತೇ ಹಾಕಿಸ್ಕೋ” ಎಂದು ಫೋನಿಟ್ಟರು.